ಇಗರ್ಜಿಯ ಘಂಟೆ, ಬಾಗಿಲ ಬಡಿತ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಕೊಂಕಣಿ ಕಥೊಲಿಕರ ಮನೆಗಳಲ್ಲಿ ದಿನಕ್ಕೊಂದು ಚೌಕಟ್ಟು ಹಾಕಿಕೊಟ್ಟದ್ದು ಇಗರ್ಜಿಯ ಘಂಟೆ. ಬೆಳಿಗ್ಗೆ, ಮಧ್ಯಾಹ್ನ, ಮುಸ್ಸಂಜೆ, ಹೀಗೆ ಮೂರು ಹೊತ್ತು ಅದು ಕೇಳಿಸುತ್ತದೆ. ಸಂಜೆಯದು ಆಮೊರಿಯ ಘಂಟೆ. ಅದು ಕಿವಿಗೆ ಬಿದ್ದೊಡನೆ ಕೈಯ ಕೆಲಸ ಬಿಟ್ಟು ನಿಂತಲ್ಲೇ ಪ್ರಾರ್ಥಿಸುವುದು ಹಳಬರ ವಾಡಿಕೆ. ಕತ್ತಲಾದ ಮೇಲೆ ಮನೆಯವರೆಲ್ಲ ಆಲ್ತಾರಿನ ಮುಂದೆ ಕೂಡಿ ತೇರ್ಸ್, ಅಂದರೆ ಜಪಮಾಲೆ ಹೇಳುತ್ತಾರೆ. ಐದು ಸುತ್ತು, ಐವತ್ಮೂರು ‘ನಮೋ ಮರಿಯಾ’, ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಅದು ಮುಗಿದ ಕೂಡಲೇ ಚಿಕ್ಕವರು ಕೈಮುಗಿದುಕೊಂಡು ಹಿರಿಯರ ಬಳಿ ಒಬ್ಬೊಬ್ಬರಾಗಿ ಹೋಗಿ ‘ಬೆಸಾಂವ್’, ಅಂದರೆ ಆಶೀರ್ವಾದ ಕೇಳುತ್ತಾರೆ. ಮಧ್ಯಾಹ್ನ ತಾಯಿಯ ಮೇಲೆ ಮುನಿಸಿಕೊಂಡು ಊಟ ಬಿಟ್ಟ ಹುಡುಗನೂ ರಾತ್ರಿ ಅವಳ ಮುಂದೆ ಹೋಗಿ ನಿಲ್ಲಲೇಬೇಕು. ಅವನಿಗೆ ಮನಸ್ಸಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಆ ಎರಡು ಹೆಜ್ಜೆ ನಡೆಯುವಷ್ಟರಲ್ಲಿ ಮುನಿಸು ಅರ್ಧ ಇಳಿದಿರುತ್ತದೆ.

ದಿನನಿತ್ಯದ ಅಭ್ಯಾಸದ ಬಲವೆಲ್ಲ ಈ ಸಣ್ಣ ಸಂಗತಿಯಲ್ಲಿದೆ. ಒಳ್ಳೆಯ ಭಾವನೆ ಬರಲಿ, ಆಮೇಲೆ ಒಳ್ಳೆಯ ಕೆಲಸ ಮಾಡೋಣ ಎಂದು ಅದು ಕಾಯುವುದಿಲ್ಲ. ಕೆಲಸ ಮೊದಲು ಆಗುತ್ತದೆ, ಭಾವನೆ ಹಿಂದಿನಿಂದ ಬರುತ್ತದೆ, ಕೆಲವು ದಿನ ಬರುವುದೂ ಇಲ್ಲ. ಪರರ ಸೇವೆಯನ್ನು ಬದುಕಿನ ಭಾಗ ಮಾಡಿಕೊಳ್ಳಬೇಕೆನ್ನುವ ಕ್ರೈಸ್ತರಿಗೆ ಇದು ತುಂಬ ಮುಖ್ಯ. ಸೇವೆಯಲ್ಲಿ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯ ಕಾದು ಕೂತಿರುತ್ತಾನೆ. ವ್ಯಾಯಾಮ ತಪ್ಪಿದರೆ ನಷ್ಟ ತಪ್ಪಿಸಿದವರಿಗೆ ಮಾತ್ರ. ಹಾಸಿಗೆ ಹಿಡಿದವರನ್ನು ಗುರುವಾರ ನೋಡಲು ಬರುತ್ತೇವೆಂದು ಹೇಳಿ ಹೋಗದಿದ್ದರೆ ಆ ಗುರುವಾರವಿಡೀ ಗೇಟಿನ ಸದ್ದಿಗೆ ಕಿವಿಗೊಟ್ಟು ಮಲಗಿರುವವರು ಬೇರೆಯವರು. ಹಾಗಾಗಿ ಸೇವಕನ ಅಭ್ಯಾಸ ಅವನ ಸ್ವಂತ ಸುಧಾರಣೆಯ ಲೆಕ್ಕದಲ್ಲಿ ಬರುವುದಿಲ್ಲ. ಅದು ಇನ್ನೊಬ್ಬರಿಗೆ ಕೊಟ್ಟ ಮಾತು.

ಈ ಕರಾವಳಿಯಲ್ಲಿ ಅಂಥ ಮಾತಿಗೆ ಬೆಲೆ ಹೆಚ್ಚು. ಹೋಟೆಲ್ ಕೆಲಸಕ್ಕೆಂದು ಮುಂಬೈ, ಬೆಂಗಳೂರುಗಳಿಗೆ, ದುಡಿಮೆಗೆಂದು ಕೊಲ್ಲಿ ದೇಶಗಳಿಗೆ ಮಕ್ಕಳು ಹೋದ ಮನೆಗಳು ಇಲ್ಲಿ ಊರೂರಿಗೂ ಇವೆ. ದೊಡ್ಡ ಮನೆ, ಬೀಗ ಹಾಕಿದ ಮಹಡಿ, ಕೆಳಗೆ ಒಬ್ಬರೇ ಅಜ್ಜಿ. ತಿಂಗಳಿಗೆ ಸರಿಯಾಗಿ ದುಡ್ಡು ಬರುತ್ತದೆ. ಆದರೆ ಬಿ.ಪಿ. ಮಾತ್ರೆ ತೆಗೆದುಕೊಂಡಿರಾ ಎಂದು ಕೇಳುವವರು, ಮಳೆಗಾಲದಲ್ಲಿ ಕರೆಂಟು ಹೋದಾಗ ಒಮ್ಮೆ ಬಂದು ಇಣುಕುವವರು ದುಡ್ಡಿನ ಜೊತೆ ಬರುವುದಿಲ್ಲ. ಅವರಿಗೆ ಬೇಕಾದದ್ದು ದೊಡ್ಡ ಉಪಕಾರವಲ್ಲ, ತಪ್ಪದೆ ಬರುವ ಸಣ್ಣ ಉಪಕಾರ. ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳ ಡಬ್ಬಿ ಹಿಡಿದು ಹತ್ತು ಮಂದಿ ಹೋಗಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ವಾರಕ್ಕೊಮ್ಮೆ ಒಬ್ಬರು ಹೋಗಿ ಕಾಲು ಗಂಟೆ ಕೂತು ಬರುವುದು ಹೆಚ್ಚಿನದು.

ಸೀಮೆಯ ಚರಿತ್ರೆಯಲ್ಲಿ ಇಂಥ ತಪ್ಪದ ನಡೆಗೆ ಎಲ್ಲರೂ ಬಲ್ಲ ಹೆಸರು ಸಂತ ಜೋಸೆಫ್ ವಾಜರದು. 1651ರಲ್ಲಿ ಗೋವೆಯ ಬೆನೌಲಿಮ್‌ನಲ್ಲಿ ಹುಟ್ಟಿದ ಈ ಗುರು 1681ರಲ್ಲಿ ಕೆನರಾಕ್ಕೆ ಬಂದು ಮೂರು ವರ್ಷ ಇಲ್ಲಿ ದುಡಿದರು. 1570ರಲ್ಲಿ ಸ್ಥಾಪನೆಯಾದ ಕುಂದಾಪುರದ ರೋಜರಿ ಮಾತೆಯ ಇಗರ್ಜಿಗೆ ಅವರ ನಂಟು ಗಟ್ಟಿಯಾದದ್ದು. ಅಲ್ಲಿ ಪ್ರಾರ್ಥನೆಯಲ್ಲಿ ಮೈಮರೆತಿದ್ದಾಗ ಅವರು ನೆಲ ಬಿಟ್ಟು ಮೇಲೆದ್ದಿದ್ದರು ಎಂಬ ಪ್ರತೀತಿ ಊರಿನವರ ಬಾಯಲ್ಲಿ ಇಂದಿಗೂ ಇದೆ. ಪ್ರತೀತಿ ಭಕ್ತರಿಗೆ ಪ್ರಿಯವಾದದ್ದು, ಇರಲಿ. ಆದರೆ ಅಭ್ಯಾಸದ ವಿಚಾರ ಮಾಡುವವರು ನೋಡಬೇಕಾದದ್ದು ನೆಲದ ಮೇಲೆ ನಡೆದ ವಾಜರನ್ನು.

1687ರಲ್ಲಿ ಅವರು ಸಿಂಹಳಕ್ಕೆ ಹೋದರು. ಡಚ್ಚರ ಆಡಳಿತವಿದ್ದ ಅಲ್ಲಿನ ಕರಾವಳಿಯಲ್ಲಿ ಕಥೊಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ, ಭಕ್ತರು ತಮ್ಮ ನಂಬಿಕೆಯನ್ನು ಬಚ್ಚಿಟ್ಟುಕೊಂಡಿದ್ದರು. ವಾಜರು ಭಿಕ್ಷುಕನ ವೇಷದಲ್ಲಿ ಜಾಫ್ನಾದ ಬೀದಿಗಳಲ್ಲಿ ಮನೆಮನೆಗೆ ಹೋದರು. ಕೊರಳಲ್ಲೊಂದು ಜಪಮಾಲೆ ಎದ್ದು ಕಾಣುವಂತೆ ಇರುತ್ತಿತ್ತು. ಅದನ್ನು ಕಂಡು ಯಾರ ಮುಖ ಅರಳುತ್ತದೋ ಅದು ಕಥೊಲಿಕರ ಮನೆ. ಗುರುಗಳಿಲ್ಲದೆ, ಪೂಜೆಯಿಲ್ಲದೆ ಒಂದು ಜನ ಉಳಿದುಬಂದಿದ್ದರೆ ಅದಕ್ಕೆ ಮನೆಯೊಳಗೆ ನಡೆದುಬಂದ ದಿನದಿನದ ವಾಡಿಕೆಯೇ ಆಸರೆಯಾಗಿದ್ದಿರಬೇಕು. ಹುಡುಕಿಕೊಂಡು ಬಂದ ಗುರು ಅವರನ್ನು ಗುರುತಿಸಿದ್ದು ಅದೇ ವಾಡಿಕೆಯ ಗುರುತಿನಿಂದ. ಮುಂದೆ 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಮನೆಯವರೇ ರೋಗಿಗಳನ್ನು ಬಿಟ್ಟು ಓಡಿಹೋದಾಗ ವಾಜರು ಅವರನ್ನು ತೊಳೆದು, ಉಣಿಸಿ, ಸತ್ತವರನ್ನು ಮಣ್ಣು ಮಾಡಿದರು. ಆ ಧೈರ್ಯ ಒಂದು ದಿನದಲ್ಲಿ ಹುಟ್ಟಿದ್ದೆಂದು ಹೇಳುವುದು ಕಷ್ಟ. ಅದಕ್ಕೆ ಮುಂಚೆ ಹತ್ತು ವರ್ಷ ದಿನಾ ನಡೆದು, ದಿನಾ ಬಾಗಿಲು ತಟ್ಟಿ, ದಿನಾ ಪ್ರಾರ್ಥಿಸಿದ ಮನುಷ್ಯ ಸಿಡುಬಿನ ಮನೆಯ ಬಾಗಿಲನ್ನೂ ತಟ್ಟಿದ.

ಬ್ರಹ್ಮಾವರದ ಕಥೆ ಬೇರೆ ಪಂಗಡದ್ದು, ಆದರೆ ಬೇರು ಅದೇ. ಗೋವೆಯ ವೆರ್ಣಾದಲ್ಲಿ 1836ರಲ್ಲಿ ಹುಟ್ಟಿದ ಆಲ್ವಾರಿಸ್ ಮಾರ್ ಜೂಲಿಯಸ್ ಅವರು ಮಲಂಕರ ಸಿರಿಯನ್ ಸಭೆಯನ್ನು ಸೇರಿ 1889ರಲ್ಲಿ ಬಿಷಪ್ ಆದರು. ಅವರ ಜೊತೆ ನಿಂತ ಫಾದರ್ ರೋಕ್ ಜೆಫಿರಿನ್ ನೊರೊನ್ಹಾ (1850–1936) ಬ್ರಹ್ಮಾವರವನ್ನೇ ನೆಲೆ ಮಾಡಿಕೊಂಡು, ಅಲ್ಲಿನ ಸಭೆಯನ್ನೂ ಶಾಲೆಯನ್ನೂ ಬೆಳೆಸುತ್ತ ಮುಪ್ಪಾಗುವ ತನಕ ದುಡಿದರು. ಮಾರ್ ಜೂಲಿಯಸ್ ಕಾಲರಾ ರೋಗಿಗಳ ಆರೈಕೆ ಮಾಡಿದ್ದಲ್ಲದೆ ಚಿಕಿತ್ಸೆಯ ಕ್ರಮ ತಿಳಿಸುವ ಪುಸ್ತಿಕೆಯನ್ನು ಬರೆದು ಅಚ್ಚು ಹಾಕಿಸಿದರು. ಬಡವರ ಹಸಿವಿಗೆ ಮರಗೆಣಸಿನ ಬೇಸಾಯ ಒಳ್ಳೆಯದೆಂದು ಪ್ರಚಾರ ಮಾಡಿದರು. ಬಿಷಪ್ಪರೊಬ್ಬರು ಗೆಣಸು ನೆಡುವ ವಿಚಾರ ಬರೆಯುವುದು ಕೆಲವರಿಗೆ ಸಣ್ಣ ಕೆಲಸವೆಂದು ಕಾಣಬಹುದು. ಹಸಿದವರಿಗೆ ಅನ್ನ ಕೊಡಿ ಎಂಬ ಸುವಾರ್ತೆಯ ಮಾತನ್ನು ಅಷ್ಟು ಅಕ್ಷರಶಃ ತೆಗೆದುಕೊಂಡವರು ಕಡಿಮೆ. ಪ್ರೊಟೆಸ್ಟಂಟರ ಕಡೆ ನೋಡಿದರೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಬೆಳಗಿನ ಬೈಬಲ್ ಓದು, ಕುಟುಂಬ ಪ್ರಾರ್ಥನೆ, ಹೊತ್ತಿಗೆ ಸರಿಯಾದ ದುಡಿಮೆ ಇವುಗಳನ್ನು ಒಂದೇ ಹಗ್ಗದ ಎಳೆಗಳಂತೆ ಕಂಡವರು. ಉಡುಪಿಯಲ್ಲಿ 1923ರಲ್ಲಿ ಡಾ. ಇವಾ ಲೊಂಬಾರ್ಡ್ ಶುರುಮಾಡಿದ ಆಸ್ಪತ್ರೆ ಅದೇ ಪರಂಪರೆಯದು.

ಇಲ್ಲಿ ಒಂದು ನಿಜವಾದ ತೊಡಕಿದೆ, ಅದನ್ನು ಹಾರಿ ಹೋಗುವಂತಿಲ್ಲ. ಪ್ರಾರ್ಥನೆಗೆ ಕೂತ ಹೊತ್ತಿಗೇ ಯಾರೋ ಬಾಗಿಲು ಬಡಿದರೆ? ಪಕ್ಕದ ಮನೆಯವರಿಗೆ ಎದೆನೋವು, ಆಟೋ ಸಿಗುತ್ತಿಲ್ಲ, ಬನ್ನಿ ಎನ್ನುತ್ತಾರೆ. ತೇರ್ಸ್ ಇನ್ನೂ ಎರಡನೇ ಸುತ್ತಿನಲ್ಲಿದೆ. ಅಭ್ಯಾಸವನ್ನು ಮುರಿಯದೆ ಕಾಪಾಡಬೇಕೆನ್ನುವವರು ಏನು ಮಾಡಬೇಕು?

ಕ್ರೈಸ್ತ ಪರಂಪರೆಯಲ್ಲಿ ಇದು ಹಳೆಯ ಪ್ರಶ್ನೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠವಾಸಿಗಳಿಗೆ ಬರೆದ ನಿಯಮಾವಳಿಯಲ್ಲಿ ಎರಡು ಕಡೆ ‘ಎಲ್ಲಕ್ಕಿಂತ ಮೊದಲು’ ಎಂಬ ಅರ್ಥದ ಮಾತು ಬರುತ್ತದೆ. ಒಂದು ಕಡೆ, ದೇವರ ಸ್ತುತಿಯ ಹೊತ್ತಿಗಿಂತ ಯಾವುದನ್ನೂ ಮುಂದೆ ಮಾಡಬಾರದು ಎಂದಿದೆ. ಇನ್ನೊಂದು ಕಡೆ, ರೋಗಿಗಳ ಆರೈಕೆ ಎಲ್ಲಕ್ಕಿಂತ ಮೊದಲು ಎಂದಿದೆ. ಅವಸರದ ಓದುಗರಿಗೆ ಇದು ವಿರೋಧವೆನಿಸುತ್ತದೆ. ಮಠದ ದಿನಚರಿಯನ್ನು ಬಲ್ಲವರಿಗೆ ಹಾಗನಿಸದು. ಘಂಟೆ ಬಾರಿಸಿದಾಗ ಕೈಯಲ್ಲಿದ್ದ ತಮ್ಮ ಕೆಲಸ ಬಿಟ್ಟು ಓಡಬೇಕು, ರೋಗಿ ಕರೆದಾಗಲೂ ಹಾಗೆಯೇ. ಎರಡೂ ಕಡೆ ಬಿಡಬೇಕಾದದ್ದು ತಮ್ಮ ಇಷ್ಟವನ್ನು. ಘಂಟೆಗೆ ಎದ್ದು ಎದ್ದು ರೂಢಿಯಾದ ಕಾಲು ರೋಗಿಯ ಕೂಗಿಗೂ ಬೇಗ ಏಳುತ್ತದೆ.

ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಬಡವರ ಸೇವೆಗೆ ಹೆಣ್ಣುಮಕ್ಕಳ ಸಂಘ ಕಟ್ಟಿದ ಸಂತ ವಿನ್ಸೆಂಟ್ ದೆ ಪಾವ್ಲರು ಇದನ್ನು ಇನ್ನೂ ನೇರವಾಗಿ ಬಿಡಿಸಿದರು. ಪ್ರಾರ್ಥನೆಯ ಹೊತ್ತಿನಲ್ಲಿ ಬಡವನೊಬ್ಬ ಬಂದರೆ ಎದ್ದು ಹೋಗಿ, ಅದು ದೇವರನ್ನು ಬಿಟ್ಟು ದೇವರ ಬಳಿಗೇ ಹೋದಂತೆ ಎಂಬುದು ಅವರ ತಿಳಿವಳಿಕೆಯ ಸಾರ. ಆದರೆ ಆ ಸಹೋದರಿಯರು ದಿನಾ ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕಿತ್ತು ಎಂಬುದನ್ನು ಅದರ ಜೊತೆಗೇ ಓದಬೇಕು. ಬಿಟ್ಟು ಹೋಗಲು ಮೊದಲು ಕೂತಿರಬೇಕಲ್ಲ! ಪ್ರಾರ್ಥನೆಗೆ ಎಂದೂ ಕೂರದವರು ‘ಸೇವೆಯೇ ನನ್ನ ಪ್ರಾರ್ಥನೆ’ ಎನ್ನುವುದಕ್ಕೂ, ಕೂತವರು ಕೂಗು ಕೇಳಿ ಏಳುವುದಕ್ಕೂ ಬಹಳ ಅಂತರವಿದೆ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತಕ್ಕೆ ಹೋಗಿ ಪ್ರಾರ್ಥಿಸುತ್ತಾರೆ, ಸೀಮೋನನೂ ಜೊತೆಗಾರರೂ ಅಲ್ಲಿಗೇ ಹುಡುಕಿಕೊಂಡು ಬರುತ್ತಾರೆ. ಯೇಸು ಅವರ ಮೇಲೆ ಸಿಡುಕುವುದಿಲ್ಲ, ಎದ್ದು ಹೊರಡುತ್ತಾರೆ. ಹೊರಟದ್ದು ಮಾತ್ರ ಜನ ಕರೆದ ಕಡೆಗಲ್ಲ, ಬೇರೆ ಊರುಗಳಿಗೆ. ಎಲ್ಲ ಕೂಗಿಗೂ ಓಡುವುದೇ ಸೇವೆಯಲ್ಲ, ಯಾವ ಕೂಗಿಗೆ ಓಡಬೇಕೆಂಬುದು ಏಕಾಂತದಲ್ಲಿ ತಿಳಿಯುತ್ತದೆ ಎಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ.

ಅಭ್ಯಾಸದ ನಿಜವಾದ ವೈರಿ ಸೋಮಾರಿತನವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಸೇವೆಯ ಮಟ್ಟಿಗೆ ಅವಸರ ಅದಕ್ಕಿಂತ ದೊಡ್ಡ ವೈರಿ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಮನಸ್ಸಿಗೆ ನಾಟುವಂತೆ ತೋರಿಸಿತು. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್ನಿನ ದೈವಶಾಸ್ತ್ರ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ಕೆಲವರ ಭಾಷಣದ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಸಾಮತಿಯೇ ಆಗಿತ್ತು. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಅವಸರವಿಲ್ಲದವರಲ್ಲಿ ನೂರಕ್ಕೆ 63 ಮಂದಿ ನೆರವಾದರು. ಸ್ವಲ್ಪ ಅವಸರವಿದ್ದವರಲ್ಲಿ 45. ತಡವಾಗಿದೆ, ಬೇಗ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ಬರೀ 10. ತಲೆಯಲ್ಲಿ ಸಾಮತಿ ಇದೆಯೋ ಇಲ್ಲವೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಅವರು ಕೆಟ್ಟವರಲ್ಲ, ಕಲ್ಲೆದೆಯವರಲ್ಲ. ಅವರ ಬಳಿ ಆ ಹೊತ್ತಿಗೆ ಬಿಡುವಿರಲಿಲ್ಲ, ಅಷ್ಟೆ.

ಇದರಿಂದ ದಿನಚರಿಗೆ ಬರುವ ಪಾಠ ಸ್ಪಷ್ಟ. ಸೇವೆ ಮಾಡಬೇಕೆನ್ನುವವರು ದಿನವನ್ನು ಒಳ್ಳೆಯ ಕೆಲಸಗಳಿಂದಲೇ ಆದರೂ ಅಂಚಿನವರೆಗೆ ತುಂಬಬಾರದು. ಭಾನುವಾರ ಪೂಜೆಗೆ ಹತ್ತು ನಿಮಿಷ ಮುಂಚೆ ಹೊರಡುವವರು ದಾರಿಯಲ್ಲಿ ಬಸ್ಸಿಗೆ ಕಾದಿರುವ ಮುದುಕರನ್ನು ಹತ್ತಿಸಿಕೊಳ್ಳಬಲ್ಲರು. ಕೊನೆಯ ನಿಮಿಷಕ್ಕೆ ಹೊರಟವರು ಅದೇ ಪೂಜೆಗಾಗಿ ಅವರನ್ನು ದಾಟಿ ಹೋಗುತ್ತಾರೆ. ಹತ್ತು ನಿಮಿಷ ಮುಂಚೆ ಹೊರಡುವುದು ಕೇಳಲು ಭಕ್ತಿಯ ವಿಷಯವೇ ಅಲ್ಲ. ಆದರೂ ಈ ಲೇಖನದ ಮಟ್ಟಿಗೆ ಅದು ಮೊದಲ ಸಾಲಿನ ಕ್ರೈಸ್ತ ಅಭ್ಯಾಸ.

ಅಭ್ಯಾಸ ಕೂಡಿಬರುವ ಬಗೆಯನ್ನು ಕುರಿತು ಇಂದು ಸಾಕಷ್ಟು ತಿಳಿದಿದೆ. ಲಂಡನ್ನಿನಲ್ಲಿ ಫಿಲಿಪ್ಪ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಹೊಸ ನಡೆ ತಾನಾಗಿ ನಡೆಯುವಷ್ಟು ರೂಢಿಯಾಗಲು ನಡುಮಟ್ಟದ ಲೆಕ್ಕದಲ್ಲಿ 66 ದಿನ ಬೇಕು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕಾದೀತೆಂಬ ಅಂದಾಜು. ತಪಸ್ಸು ಕಾಲದ ನಲವತ್ತು ದಿನ ಹಿಡಿದ ವ್ರತ ಈಸ್ಟರ್ ಕಳೆದ ಮೇಲೆ ಕರಗಿಹೋಯಿತೆಂದು ಬೇಸರಪಡುವವರಿಗೆ ಈ ಲೆಕ್ಕ ಸಮಾಧಾನ ತರಬೇಕು. ಇನ್ನೂ ಒಂದು ತಿಂಗಳು ಎಳೆದಿದ್ದರೆ ಅದು ನಿಂತೀತು. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿ, ಒಂದು ದಿನ ತಪ್ಪಿದರೆ ಕಟ್ಟಿದ್ದು ಕುಸಿಯುವುದಿಲ್ಲ ಎಂಬುದು. ಎದೆನೋವಿನವರನ್ನು ಆಸ್ಪತ್ರೆಗೆ ಕರೆದೊಯ್ದ ರಾತ್ರಿ ತೇರ್ಸ್ ತಪ್ಪಿದರೆ ಮರುದಿನ ಹೇಳಿದರಾಯಿತು.

ಹೊಸ ಅಭ್ಯಾಸಕ್ಕೆ ಗಡಿಯಾರಕ್ಕಿಂತ ಗಟ್ಟಿಯಾದ ಗೂಟ ಇರುವ ಕೆಲಸವೇ. ಬೈಂದೂರಿನ ಮೂಡಲಿಗೆ, ಘಟ್ಟದ ಬುಡದ ಕಡೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳಿವೆ. ಅಲ್ಲಿ ರಬ್ಬರ್ ಹಾಲು ತೆಗೆಯುವವರ ದಿನ ಬೆಳಕು ಹರಿಯುವ ಮುಂಚೆ ಶುರುವಾಗುತ್ತದೆ. ಗಂಗೊಳ್ಳಿಯ ಬಂದರಿನಿಂದ ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿ ದುಡಿಯುವವರಿಗೆ ಸಂಜೆ ಏಳರ ಲೆಕ್ಕವೇ ಇಲ್ಲ. ಜೂನ್, ಜುಲೈ ತಿಂಗಳ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ ಬಂದಾಗ ಅವರ ದಿನದ ಆಕಾರವೇ ಬದಲಾಗುತ್ತದೆ. ಎಲ್ಲರಿಗೂ ಒಂದೇ ವೇಳಾಪಟ್ಟಿ ಹೇಳುವ ಉಪದೇಶ ಇಂಥ ಕಡೆ ಕೂರುವುದಿಲ್ಲ. ಮೊದಲ ಮರಕ್ಕೆ ಕತ್ತಿ ಇಡುವ ಮುಂಚೆ ಒಂದು ಶಿಲುಬೆಯ ಗುರುತು, ಬಲೆ ಎಳೆದಾದ ಮೇಲೆ ಒಂದು ಕೀರ್ತನೆ, ಮೀನು ಹಂಚುವಾಗ ದುಡಿಯಲಾರದ ಮನೆಗೊಂದು ಪಾಲು: ಹೀಗೆ ಕೆಲಸಕ್ಕೆ ಕಟ್ಟಿದ ಅಭ್ಯಾಸ ಕೆಲಸ ಇರುವ ತನಕ ಇರುತ್ತದೆ. ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಸಹೋದರ ಲಾರೆನ್ಸ್ ವಾಜರ ಸಮಕಾಲೀನರು. ಪಾತ್ರೆಗಳ ಗದ್ದಲದ ನಡುವೆ ದೇವರ ಸನ್ನಿಧಿಯನ್ನು ನೆನೆಯುವುದನ್ನೇ ಅವರು ತಮ್ಮ ಸಾಧನೆ ಮಾಡಿಕೊಂಡಿದ್ದರು.

ಅಕ್ಕಿಯ ನಾಡಿಗೆ ಅರ್ಥವಾಗುವ ಇನ್ನೊಂದು ದೃಷ್ಟಾಂತ ಮಿಜೋರಾಮಿನದು. ಅಲ್ಲಿನ ಕ್ರೈಸ್ತ ಹೆಂಗಸರು 1910ರ ಸುಮಾರಿನಿಂದ, ಪ್ರತಿ ಸಲ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ಪಾತ್ರೆಗೆ ಹಾಕಿ ಸಭೆಯ ಕೆಲಸಕ್ಕೆ ಕೊಡುತ್ತ ಬಂದಿದ್ದಾರೆ. ‘ಬುಹ್ಫಾಯ್ ಥಾಮ್’ ಎಂದು ಅದರ ಹೆಸರು. ದುಡ್ಡಿಲ್ಲದ ಮನೆಗಳಿಂದ ಹೀಗೆ ಕೂಡಿದ ಅಕ್ಕಿಯ ಹಣ ಶಾಲೆಗಳಿಗೂ ಸುವಾರ್ತಾ ಸೇವೆಗೂ ಆಧಾರವಾಗಿದೆ. ಹಿಡಿ ಅಕ್ಕಿಯಿಂದ ಮನೆಯ ಊಟಕ್ಕೆ ಕೊರತೆಯಾಗದು. ಆದರೆ ಅನ್ನಕ್ಕಿಡುವ ಪ್ರತಿ ಹೊತ್ತಿನಲ್ಲೂ ಉಣ್ಣಲಿರುವ ಇನ್ನೊಬ್ಬರ ನೆನಪಾಗುತ್ತದೆ. ನಮ್ಮ ಕಡೆಯ ಕುಚ್ಚಲಕ್ಕಿಯ ಡಬ್ಬಿಯ ಪಕ್ಕ ಅಂಥದೊಂದು ಸಣ್ಣ ಡಬ್ಬಿ ಇಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಅಭ್ಯಾಸಕ್ಕೆ ಅದರದೇ ರೋಗಗಳೂ ಉಂಟು. ಬಾಯಿ ಹೇಳುತ್ತಿರುತ್ತದೆ, ಮನಸ್ಸು ಸಂತೆಯಲ್ಲಿರುತ್ತದೆ. ಇದು ಎಲ್ಲರಿಗೂ ಆಗುವುದು, ಇದಕ್ಕಾಗಿ ಅಭ್ಯಾಸ ಬಿಡುವುದು ನೆಗಡಿಗೆ ಮೂಗು ಕೊಯ್ದುಕೊಂಡ ಹಾಗೆ. ಹೆಚ್ಚಿನ ಅಪಾಯ ಬೇರೆ ಇದೆ. ತಪ್ಪದೆ ಮಾಡುವವರಿಗೆ ತಪ್ಪುವವರ ಮೇಲೆ ತಾತ್ಸಾರ ಹುಟ್ಟುತ್ತದೆ. ಲೂಕನ ಸುವಾರ್ತೆಯಲ್ಲಿ ವಾರಕ್ಕೆರಡು ಉಪವಾಸದ ಲೆಕ್ಕ ಒಪ್ಪಿಸಿದ ಫರಿಸಾಯನ ಅಭ್ಯಾಸಗಳೆಲ್ಲ ಒಳ್ಳೆಯವೇ, ಕೆಟ್ಟದ್ದು ಪಕ್ಕದಲ್ಲಿ ನಿಂತ ಸುಂಕದವನ ಕಡೆಗೆ ಅವನು ಹರಿಸಿದ ನೋಟ. ಮತ್ತೊಂದು ಅಪಾಯ ಬಳಲಿಕೆ. ಅದು ಒಳ್ಳೆಯವರನ್ನೇ ಹಿಡಿಯುತ್ತದೆ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆಗೆ ಇನ್ನಷ್ಟು ಅಭ್ಯಾಸ ರೂಢಿಸಿಕೊ ಎಂದು ಯಾರೂ ಬೋಧಿಸಬಾರದು. ಅವಳಿಗೆ ವಾರಕ್ಕೊಂದು ಮಧ್ಯಾಹ್ನ ಬಿಡುವು ಸಿಗುವಂತೆ ಇನ್ನೊಬ್ಬರು ಬಂದು ಕೂರುವುದು ಆ ಇನ್ನೊಬ್ಬರ ಅಭ್ಯಾಸವಾಗಬೇಕು. ಏಳನೆಯ ದಿನದ ವಿಶ್ರಾಂತಿಯನ್ನು ದಶಾಜ್ಞೆಗಳಲ್ಲಿ ಹೇಳುವಾಗ ಮನೆಯ ದಾಸದಾಸಿಯರನ್ನೂ ಎತ್ತುದನಗಳನ್ನೂ ಹೆಸರಿಸಿದ್ದಾರೆ. ದುಡಿಸಿಕೊಳ್ಳುವವರಿಗೆ ಮಾತ್ರವಲ್ಲ, ದುಡಿಯುವವರಿಗೂ ಬಿಡುವು ಸಿಗಬೇಕೆಂಬ ಕಾಳಜಿ ಅದರಲ್ಲಿದೆ.

ಆದ್ದರಿಂದ ಸೇವೆಯ ಅಭ್ಯಾಸ ಒಂಟಿಯಾಗಿ ನಿಲ್ಲುವುದು ಕಷ್ಟ. ಇಲ್ಲಿನ ಇಗರ್ಜಿಗಳು ವಾಡೊಗಳಾಗಿ, ಅಂದರೆ ಸಣ್ಣ ಕೇರಿಗಳಾಗಿ ಹಂಚಿಹೋಗಿವೆ, ವಾಡೊಗೊಬ್ಬ ಗುರ್ಕಾರ್, ಅಂದರೆ ಮುಖಂಡರು ಇರುತ್ತಾರೆ. ಯಾವ ಮನೆಯಲ್ಲಿ ಕಾಯಿಲೆ, ಯಾರ ಮಗನಿಗೆ ಫೀಸು ಕಟ್ಟಲಾಗಿಲ್ಲ ಎಂಬುದು ಗುರುಗಳಿಗಿಂತ ಮುಂಚೆ ಅವರಿಗೆ ಗೊತ್ತಾಗುತ್ತದೆ. 1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಫ್ರೆಡೆರಿಕ್ ಓಜಾನಾಂ ಮತ್ತು ಗೆಳೆಯರು ಶುರುಮಾಡಿದ ಸಂತ ವಿನ್ಸೆಂಟ್ ಪಾವ್ಲ್ ಸಭೆಯ ಕ್ರಮವೂ ಇದೇ ನಂಬಿಕೆಯ ಮೇಲೆ ನಿಂತಿದೆ. ಬಡವರ ಮನೆಗೆ ಇಬ್ಬಿಬ್ಬರು ಹೋಗಬೇಕು, ಗೊತ್ತಾದ ದಿನ ಸಭೆ ಸೇರಿ ಕಂಡದ್ದನ್ನು ಮಾತಾಡಿಕೊಳ್ಳಬೇಕು. ಇಬ್ಬರಿದ್ದರೆ ಒಬ್ಬರಿಗೆ ಬೇಸರ ಬಂದ ದಿನ ಇನ್ನೊಬ್ಬರು ಎಬ್ಬಿಸುತ್ತಾರೆ.

ವಾಜರೂ ಕೊನೆಗೆ ಒಬ್ಬರೇ ಆಗಿ ಉಳಿಯಲಿಲ್ಲ. ಗೋವೆಯಿಂದ ಜೊತೆಗಾರರು ಬಂದು ಸೇರಿಕೊಂಡರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ, ತಮಿಳು ಎರಡನ್ನೂ ಕಲಿತು ಗ್ರಂಥಗಳನ್ನು ಬರೆದು, 1711ರಲ್ಲಿ ವಾಜರು ತೀರಿಕೊಂಡ ಮೇಲೆ ಮೂವತ್ತು ವರ್ಷ ಆ ಕೆಲಸ ನಡೆಸಿದರು. ಇಪ್ಪತ್ನಾಲ್ಕು ವರ್ಷದ ನಡಿಗೆ ಹೀಗೆ ಇನ್ನೊಬ್ಬರ ಕಾಲಿಗೆ ಬಂತು.

ವಾಡೊಗಳಲ್ಲೂ ಆಗಬೇಕಾದದ್ದು ಇದೇ. ಗುರುವಾರದ ಭೇಟಿಗೆ ಹೋಗುತ್ತಿದ್ದ ಹುಡುಗಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿತೆಂದರೆ, ಹೊರಡುವ ಮುಂಚೆ ಅವಳು ತನ್ನ ಜಾಗಕ್ಕೆ ಬರುವವಳನ್ನು ಒಂದೆರಡು ಸಲ ಜೊತೆಗೆ ಕರೆದುಕೊಂಡು ಹೋಗಬೇಕು. ಹೇಳಿಕೊಡಬೇಕಾದದ್ದು ಹೆಚ್ಚೇನಿಲ್ಲ. ಬೆಳಗಿನ ಮಾತ್ರೆ ಯಾವುದು, ರಾತ್ರಿಯದು ಯಾವುದು. ಗಂಜಿಗೆ ಉಪ್ಪು ಕಡಿಮೆ. ಮಗನ ಫೋನು ಭಾನುವಾರ ಬರುತ್ತದೆ, ಬಾರದಿದ್ದರೆ ಸೋಮವಾರ ಅಜ್ಜಿ ಮಾತಾಡುವುದಿಲ್ಲ, ಸುಮ್ಮನೆ ಜೊತೆಗೆ ಕೂರಬೇಕು. ಕಿವಿ ಮಂದ, ಹಾಗಾಗಿ ಮುಂದಿನ ಬಾಗಿಲು ಬಡಿದರೆ ಕೇಳಿಸದು. ತೆಂಗಿನ ಮರದ ಪಕ್ಕದಿಂದ ಹಿಂದೆ ಹೋಗಿ ಅಡುಗೆಮನೆಯ ಬಾಗಿಲನ್ನು ಜೋರಾಗಿ ಬಡಿಯಬೇಕು.